ಅಜ್ಜಿ ಎಂಬ ಗೆಲಾಕ್ಸಿ

ನೀಲಾಂಬಿಕೆ ಆಶ್ರಮಕ್ಕೆ ಬಂದು ಎರಡು ದಿನವಾಗಿತ್ತು. ಯಾಕೆ ಬಂದೆ ಎಂದು ಇನ್ನೂ ಹೇಳಿರಲಿಲ್ಲ.

ಗುರುಗಳೂ ಕೇಳಲಿಲ್ಲ.

ಹೊತ್ತಿಗೆ ಸರಿಯಾಗಿ ಊಟಕ್ಕೆ ಕರೆದರು. ರೊಟ್ಟಿಯ ಪಕ್ಕ ಖಾರದ ಶೇಂಗಾ ಹಿಂಡಿ ಬಡಿಸಿದರು. ಹೊಳೆ ಈ ಸಲ ಬೇಗ ಇಳಿದಿದೆ ಎಂದರು. ಅಷ್ಟೇ.

ಅದನ್ನು ಆಶ್ರಮ ಎಂದು ಕರೆದವರು ಊರಿನವರು. ಘಟಪ್ರಭೆಯ ದಂಡೆಯಲ್ಲಿ ಮೂರು ಕೋಣೆ, ಮುಂದೊಂದು ಪಡಸಾಲೆ. ಅಲ್ಲಿ ಪೂಜೆಯಿಲ್ಲ, ಪ್ರವಚನವಿಲ್ಲ. ಮೂವತ್ತೈದು ವರ್ಷ ಆಕಾಶ ಅಳೆದ ಧರಣೇಂದ್ರ ಮಾಸ್ತರರು ನಿವೃತ್ತಿಯ ನಂತರ ಅಲ್ಲಿ ಬಂದು ನೆಲೆಸಿದ್ದರು. ಕಲಿಯಬೇಕೆಂದು ಬಂದವರಿಗೆ ಕಲಿಸುತ್ತಿದ್ದರು. ಒಂದೇ ಷರತ್ತು: ಉಂಡ ತಟ್ಟೆ ತಾವೇ ತೊಳೆಯಬೇಕು.

ನೀಲಾಂಬಿಕೆ ಒಂಬತ್ತು ವರ್ಷದ ಹಿಂದೆ ಹಾಗೆ ಬಂದವಳು. ಗುಳೇದಗುಡ್ಡದ ನೇಕಾರರ ಮನೆಯ ಮಗಳು. ಅವಳನ್ನು ಮುಂದೆ ಓದಿಸಲು ತಂದೆ ಒಪ್ಪಿರಲಿಲ್ಲ. ಮಾಸ್ತರರು ಬಸ್ಸು ಹತ್ತಿ ಗುಳೇದಗುಡ್ಡಕ್ಕೆ ಹೋದರು. ಮಗ್ಗದ ಗುಂಡಿಯ ಪಕ್ಕ ನೆಲದ ಮೇಲೆ ಮೂರು ತಾಸು ಕೂತರು. ಏನು ಮಾತಾಡಿದರೋ ಅವಳಿಗೆ ಇಂದಿಗೂ ಗೊತ್ತಿಲ್ಲ. ಸಂಜೆ ತಂದೆ ಅವಳ ಬಟ್ಟೆ ತಾವೇ ಕಟ್ಟಿಕೊಟ್ಟರು.

ಎರಡು ವರ್ಷ ಆಶ್ರಮದಲ್ಲಿದ್ದು ಕಲಿತಳು. ಆಮೇಲೆ ದೊಡ್ಡ ಸಂಶೋಧನಾ ಸಂಸ್ಥೆಯೊಂದಕ್ಕೆ ಹೋದಳು. ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಈ ಸಲ ಬಂದದ್ದು ಹಾಗಲ್ಲ.

ಮಾಸ್ತರರು ಹೆಸರಾದದ್ದು ಒಂದು ಪಟ್ಟಿಯಿಂದ.

ಇನ್ನೂರ ಹನ್ನೆರಡು ಗೆಲಾಕ್ಸಿಗಳ ಪಟ್ಟಿ ಅದು. ಒಂದೊಂದು ಗೆಲಾಕ್ಸಿಯೂ ಕೋಟಿ ಕೋಟಿ ನಕ್ಷತ್ರಗಳ ಊರು. ಯಾವ ಊರಿನಲ್ಲಿ ವರ್ಷಕ್ಕೆ ಎಷ್ಟು ಹೊಸ ನಕ್ಷತ್ರ ಹುಟ್ಟುತ್ತವೆ ಎಂಬುದನ್ನು ಅವರು ಬೆಳಕು ಅಳೆದು ಬರೆದಿದ್ದರು. ಗಾಜಿನ ಫಲಕಗಳ ಮೇಲೆ ತೆಗೆದ ಚಿತ್ರಗಳನ್ನು ಮುಂದಿಟ್ಟುಕೊಂಡು, ಭೂತಗನ್ನಡಿ ಹಿಡಿದು, ಹತ್ತೊಂಬತ್ತು ವರ್ಷ ಮಾಡಿದ ಕೆಲಸ.

ಆ ಪಟ್ಟಿಯಲ್ಲಿ ಒಂದರ ಮೇಲೆ ಅವರಿಗೆ ಬಹಳ ಅಕ್ಕರೆ. ನಮ್ಮಿಂದ ಹದಿನೈದು ಕೋಟಿ ಜ್ಯೋತಿರ್ವರ್ಷ ದೂರ. ಸುತ್ತ ಮಂಕಾದ ಬೆಳಕು, ನಡುವೆ ಅಗಲವಾದ ಕರಿ ಪಟ್ಟೆ. ಅದರಲ್ಲಿ ಹೊಸ ನಕ್ಷತ್ರದ ಸುಳಿವೇ ಇರಲಿಲ್ಲ. ಅದರ ಎದುರು ಅವರು 'ಆರಿದೆ' ಎಂದು ಬರೆದಿದ್ದರು.

ಪಾಠ ಹೇಳುವಾಗ ಅದನ್ನು ಅಜ್ಜಿ ಎನ್ನುತ್ತಿದ್ದರು. ಶಿಷ್ಯರೂ ಅಜ್ಜಿ ಎನ್ನುತ್ತಿದ್ದರು. ಹೊಸಬರು ಬಂದಾಗ ಮೊದಲು ಅಜ್ಜಿಯ ಚಿತ್ರ. ಕರಿ ಪಟ್ಟೆಯಿರುವ ಗೆಲಾಕ್ಸಿಗಳಿಗೆ ಬೇಗ ಮುಪ್ಪು ಬರುತ್ತದೆ ಎಂಬ ಅವರ ವಿಚಾರ ಹುಟ್ಟಿದ್ದೇ ಅಲ್ಲಿಂದ. ಅದು ಪಠ್ಯಪುಸ್ತಕ ಸೇರಿ ಎಷ್ಟೋ ವರ್ಷವಾಗಿತ್ತು.

ಕರಿ ಪಟ್ಟೆ ಎಂದರೆ ಧೂಳು. ನಕ್ಷತ್ರಗಳ ನಡುವೆ ತೇಲುವ, ಹೊಗೆಗಿಂತ ನಯವಾದ ಧೂಳು. ಅದರ ಬಗ್ಗೆ ಮಾಸ್ತರರು ಕಲಿಸಿದ್ದು ಎರಡೇ ಮಾತು. ಧೂಳು ಬೆಳಕನ್ನು ಮರೆಮಾಡುತ್ತದೆ. ಎಷ್ಟು ಮರೆಮಾಡಿದೆ ಎಂದು ಅಂದಾಜು ಮಾಡಿ ಲೆಕ್ಕ ತಿದ್ದಿಕೊಳ್ಳಬೇಕು.

ತೆಳುವಾದ ಧೂಳಿಗೆ ಆ ಲೆಕ್ಕ ಸರಿ.

ದಟ್ಟವಾದ ಧೂಳಿಗೆ ಅಲ್ಲ. ನೀಲಾಂಬಿಕೆ ಎದೆಯಲ್ಲಿ ಹೊತ್ತು ತಂದಿದ್ದ ಮಾತು ಇದೇ.

ಮೂರನೆಯ ದಿನ ಬೆಳಿಗ್ಗೆ ಅವಳು ಚೀಲದಿಂದ ಒಂದು ಕಾಗದದ ಕಟ್ಟು ತೆಗೆದು ಗುರುಗಳ ಮುಂದೆ ಇಟ್ಟಳು. ತಾನೂ ತನ್ನ ಜೊತೆಗಾರರು ಐದು ಜನರೂ ಬರೆದ ಪ್ರಬಂಧ, ಹತ್ತು ದಿನದಲ್ಲಿ ಪ್ರಕಟಣೆಗೆ ಹೋಗುತ್ತದೆ, ಒಮ್ಮೆ ನೋಡಬೇಕು ಎಂದಳು.

ಗುರುಗಳು ಕನ್ನಡಕ ಒರೆಸಿಕೊಂಡು ಪಡಸಾಲೆಯ ಬೆಳಕಿಗೆ ಕೂತರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ.

ಪ್ರಬಂಧ ಧೂಳಿನ ಬಗ್ಗೆಯೇ ಇತ್ತು.

ನಕ್ಷತ್ರದ ಬೆಳಕು ಧೂಳಿನ ಕಣದ ಮೇಲೆ ಬೀಳುತ್ತದೆ. ಕಣ ಅದನ್ನು ನುಂಗುತ್ತದೆ. ನುಂಗಿ ತುಸು ಬಿಸಿಯಾಗುತ್ತದೆ. ಬಿಸಿಯಾದ ಯಾವ ವಸ್ತುವೂ ಸುಮ್ಮನಿರುವುದಿಲ್ಲ, ತನ್ನ ಬಿಸಿಯನ್ನು ಬೆಳಕಾಗಿ ಹೊರಗೆ ಬಿಡುತ್ತದೆ. ಆದರೆ ಈ ಬೆಳಕು ಕಣ್ಣಿಗೆ ಕಾಣುವುದಲ್ಲ. ಕೆಂಪಿಗಿಂತ ಕೆಳಗಿನದು. ಅವಗೆಂಪು ಎನ್ನುತ್ತಾರೆ. ಕಣ್ಣಿಗೆ ಕರಿ ಪಟ್ಟೆಯಾಗಿ ಕಾಣುವ ಜಾಗ ಅವಗೆಂಪಿನಲ್ಲಿ ಬೆಳಗುತ್ತಿರುತ್ತದೆ.

ಆ ಬೆಳಕು ಹಿಡಿಯಲೆಂದೇ ಒಂದು ದೂರದರ್ಶಕವನ್ನು ಬಾಹ್ಯಾಕಾಶಕ್ಕೆ ಕಳಿಸಿದ್ದರು. ನೀಲಾಂಬಿಕೆಯ ತಂಡ ಅದರಿಂದ ಕರಿ ಪಟ್ಟೆಯ ಗೆಲಾಕ್ಸಿಗಳನ್ನು ನೋಡಿ, ಒಂದೊಂದರ ಧೂಳೂ ಎಷ್ಟು ಬೆಳಕು ಬಿಡುತ್ತಿದೆ ಎಂದು ಅಳೆದಿತ್ತು.

ಸಂಜೆ ನಾಲ್ಕರ ಹೊತ್ತಿಗೆ ಗುರುಗಳು ತಲೆಯೆತ್ತಿದರು. ಮುಖ ಅರಳಿತ್ತು. ಒಂದೊಂದಾಗಿ ಕೇಳತೊಡಗಿದರು. ಕಣಗಳು ಎಷ್ಟು ದೂರ ದೂರ ಇರುತ್ತವೆ ಎಂದು ಕೇಳಿದರು. ನೂರು ಮೀಟರು ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಕೋಣೆಯಿದ್ದರೆ ಅದರಲ್ಲಿ ಒಂದೇ ಒಂದು ಕಣ ಎಂದಳು. ಅಷ್ಟು ವಿರಳವಾದದ್ದು ಬೆಳಕನ್ನು ತಡೆಯುವುದು ಹೇಗೆ ಎಂದರು. ಬೆಳಕು ಸಾವಿರಾರು ವರ್ಷ ಅದರೊಳಗೆ ನಡೆದು ಬರಬೇಕಲ್ಲ ಎಂದಳು.

ಗುರುಗಳು ಆ ಉತ್ತರವನ್ನು ಬಾಯಲ್ಲೇ ಒಮ್ಮೆ ಹೇಳಿಕೊಂಡರು. ಕಣ ಎಷ್ಟು ಬಿಸಿ ಎಂದು ಕೇಳಿದರು.

ಸೊನ್ನೆಗಿಂತ ಇನ್ನೂರ ನಲವತ್ತು ಡಿಗ್ರಿ ಕೆಳಗೆ ಎಂದಳು.

ಗುರುಗಳು ನಕ್ಕರು. ಹಿಮಾಲಯದ ಮಂಜುಗಡ್ಡೆ ಅದರ ಮುಂದೆ ಕಾದ ಹೆಂಚು. ಅದೂ ಬೆಳಗುತ್ತದೆ. ಅದನ್ನು ಈ ಹುಡುಗಿ ಅಳೆದು ತಂದಿದ್ದಾಳೆ. ಅವರು ಹಾಳೆಯ ಮೇಲೆ ಅಂಗೈ ಇಟ್ಟರು.

ಆಮೇಲೆ, "ದೂರದರ್ಶಕವನ್ನು ಯಾಕೆ ಅಷ್ಟು ತಣ್ಣಗೆ ಇಟ್ಟಿದ್ದೀರಿ?" ಎಂದು ಕೇಳಿದರು.

"ಅದೇ ಬಿಸಿಯಾಗಿದ್ದರೆ ಅದರ ಬೆಳಕೇ ಅದಕ್ಕೆ ಕಾಣುತ್ತದೆ, ಗುರುಗಳೇ. ಧೂಳಿನದು ಕಾಣುವುದಿಲ್ಲ."

"ನೋಡುವವರ ಗತಿಯೂ ಅದೇ," ಎಂದರು ಗುರುಗಳು.

ನೀಲಾಂಬಿಕೆ ಕೆಳಗೆ ನೋಡಿದಳು.

ಗುರುಗಳು ಹಾಳೆಗಳನ್ನು ಜೋಡಿಸಿ ದಾರ ಕಟ್ಟಿದರು. ನನ್ನ ಪಟ್ಟಿಯಿಂದ ಕರಿ ಪಟ್ಟೆಯವನ್ನೆಲ್ಲ ತೆಗೆದುಕೊಂಡೆಯಾ ಎಂದು ಕೇಳಿದರು. ಹೌದು ಎಂದಳು.

"ಇದರಲ್ಲಿ ನಲವತ್ತು ಇವೆ."



ಗುರುಗಳ ಪಟ್ಟಿಯಲ್ಲಿ ಇದ್ದದ್ದು ನಲವತ್ತೊಂದು. ಅದು ಅವಳಿಗೂ ಗೊತ್ತು, ಅವರಿಗೂ ಗೊತ್ತು.

ಗುರುಗಳು ಎದ್ದು ಕಟ್ಟನ್ನು ಅವಳ ಕೈಗೆ ಕೊಟ್ಟರು.

"ನಾಳೆ ಕುಂಬಾರರ ಪಾರವ್ವ ಆವಿಗೆ ಕಾಯುತ್ತಾಳೆ. ಅವಳ ಮಗಳಿಗೆ ಜ್ವರ, ಜೊತೆಗೆ ಯಾರೂ ಇಲ್ಲ. ಬೆಳಿಗ್ಗೆ ಹೋಗು."

ಅಜ್ಜಿಯನ್ನು ಅಳೆದದ್ದು ಒಂದೂವರೆ ವರ್ಷದ ಹಿಂದೆ.

ಮೊದಲ ಚಿತ್ರ ಪರದೆಯ ಮೇಲೆ ಮೂಡಿದ ದಿನ ನೀಲಾಂಬಿಕೆ ಕುರ್ಚಿಯಿಂದ ಎದ್ದು ನಿಂತಿದ್ದಳು. ಮಂಕು ಬೆಳಕೆಲ್ಲ ಮಾಯವಾಗಿತ್ತು. ಕರಿ ಪಟ್ಟೆ ಇದ್ದಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಧೂಳು ಧಗಧಗಿಸುತ್ತಿತ್ತು. ನಲವತ್ತೊಂದರಲ್ಲಿ ಯಾವುದೂ ಅಷ್ಟು ಬೆಳಗಿರಲಿಲ್ಲ.

ಧೂಳಿಗೆ ಸ್ವಂತದ ಬೆಂಕಿಯಿಲ್ಲ. ಅಷ್ಟು ಬೆಳಗಬೇಕಾದರೆ ಅದರ ಹಿಂದೆ ಯಾರೋ ಅಷ್ಟು ಬೆಳಕು ಸುರಿಯುತ್ತಿರಬೇಕು. ಅಂಥ ಬೆಳಕು ಹಳೆಯ ನಕ್ಷತ್ರಗಳದ್ದಲ್ಲ. ಎಳೆಯ, ದೊಡ್ಡ, ನೀಲಿ ನಕ್ಷತ್ರಗಳದ್ದು. ಅವು ಈಗಷ್ಟೇ ಹುಟ್ಟಿರಬೇಕು, ಇನ್ನೂ ಹುಟ್ಟುತ್ತಿರಬೇಕು.

ಉಪಕರಣದ ತಪ್ಪಿರಬಹುದು ಎಂದು ಮತ್ತೆ ಅಳೆದಳು. ಪಕ್ಕದ ಗೆಲಾಕ್ಸಿಯ ಬೆಳಕು ಬೆರೆತಿರಬಹುದು ಎಂದು ಬೇರ್ಪಡಿಸಿ ನೋಡಿದಳು. ಆರು ತಿಂಗಳು ತನ್ನ ಲೆಕ್ಕದಲ್ಲೇ ತಪ್ಪು ಹುಡುಕಿದಳು.

ತಪ್ಪು ಸಿಗಲಿಲ್ಲ.

ಅಜ್ಜಿ ಆರಿರಲಿಲ್ಲ. ಇನ್ನೂರ ಹನ್ನೆರಡರಲ್ಲಿ ಅಷ್ಟು ಹೆರುತ್ತಿದ್ದವಳು ಬೇರೊಬ್ಬಳಿರಲಿಲ್ಲ.

ಅದನ್ನು ಬರೆದರೆ 'ಆರಿದೆ' ಎಂಬ ಶಬ್ದ ಹೋಗುತ್ತಿತ್ತು. ಅದರ ಮೇಲೆ ಕಟ್ಟಿದ ವಿಚಾರ ಹೋಗುತ್ತಿತ್ತು. ಗುರುಗಳಿಗೆ ಎಪ್ಪತ್ತೊಂಬತ್ತು. ಅವರ ಆಯುಷ್ಯವೆಲ್ಲ ಆ ಪಟ್ಟಿಯಲ್ಲಿತ್ತು. ಅದನ್ನು ಕೆಡಹುವ ಕೈ ತನ್ನದಾಗಬೇಕೆ ಎಂದು ಅವಳಿಗೆ ಅನ್ನಿಸಿತು. ಮಗ್ಗದ ಗುಂಡಿಯ ಪಕ್ಕ ನೆಲದ ಮೇಲೆ ಕೂತ ಆ ಬೆನ್ನು ನೆನಪಾಯಿತು.

ಒಂದು ದಿನ ಜೊತೆಗಾರರಿಗೆ ಹೇಳಿದಳು: ಅದೊಂದರ ಅಳತೆಯಲ್ಲಿ ದೋಷವಿದೆ, ಬಿಟ್ಟುಬಿಡೋಣ.

ಅವರು ಅವಳನ್ನು ನಂಬಿದ್ದರು. ಬಿಟ್ಟುಬಿಟ್ಟರು.

ಅಂದಿನಿಂದ ಅವಳಿಗೆ ಸಮಾಧಾನ ಇರಲಿಲ್ಲ.

ಪಾರವ್ವ ಅರವತ್ತು ದಾಟಿದವಳು, ಗಟ್ಟಿ ಹೆಂಗಸು. ಊರ ಹೊರಗೆ, ಹೊಳೆಯ ಸಮೀಪ ಗಡಿಗೆ ಸುಡುವ ಅವಳ ಆವಿಗೆ ಇತ್ತು. ಗಡಿಗೆಗಳನ್ನು ಒಂದರ ಮೇಲೊಂದು ಜೋಡಿಸಿ, ನಡುವೆ ಕಟ್ಟಿಗೆ, ಸಗಣಿ ಕುಳ್ಳು ತುಂಬಿ, ಮೇಲೆ ಹುಲ್ಲು ಹಾಸಿ, ಒಡೆದ ಗಡಿಗೆಯ ಚೂರು ಹೊದಿಸಿ, ಹಸಿ ಮಣ್ಣು ಬೂದಿ ಮೆತ್ತಿದ ದೊಡ್ಡ ಗುಡ್ಡೆ. ಹಿಂದಿನ ದಿನವೇ ಬೆಂಕಿ ಹಚ್ಚಿದ್ದಳು.

ನೀಲಾಂಬಿಕೆ ಹೋದಾಗ ಬಿಸಿಲು ಏರುತ್ತಿತ್ತು. ಮಣ್ಣು ಬಿರುಕು ಬಿಟ್ಟಲ್ಲಿ ಹಸಿ ಮಣ್ಣು ಮೆತ್ತಬೇಕು, ಅಷ್ಟೇ ಕೆಲಸ ಎಂದು ಪಾರವ್ವ ಹೇಳಿದಳು. ಇಬ್ಬರೂ ಸೇರಿ ಒಂದು ಸುತ್ತು ಮೆತ್ತಿದರು.

ಕೆಲಸ ಮಾಡುತ್ತ ಪಾರವ್ವ, ನಿನ್ನ ಉದ್ಯೋಗ ಏನು ಎಂದು ವಿಚಾರಿಸಿದಳು. ನೀಲಾಂಬಿಕೆ ಧೂಳಿನ ಕತೆ ಹೇಳಿದಳು. ಆಕಾಶದಲ್ಲಿ ಧೂಳಿದೆ, ನಕ್ಷತ್ರದ ಬೆಳಕು ನುಂಗುತ್ತದೆ, ನುಂಗಿ ಬೆಚ್ಚಗಾಗುತ್ತದೆ, ಆ ಬಿಸಿಯನ್ನು ಕಣ್ಣಿಗೆ ಕಾಣದ ಬೆಳಕು ಮಾಡಿ ಬಿಡುತ್ತದೆ, ಅದನ್ನು ನಾವು ಅಳೆಯುತ್ತೇವೆ ಎಂದಳು.

ಪಾರವ್ವ ಕೈಯಲ್ಲಿದ್ದ ಮಣ್ಣಿನ ಮುದ್ದೆ ಹಿಡಿದುಕೊಂಡೇ ಕೇಳಿದಳು. "ನುಂಗಿದ್ದರಾಗ ಒಂದಿಷ್ಟು ಇಟ್ಕೊಂತತೇನು?"

"ಇಲ್ಲವ್ವಾ. ಎಷ್ಟು ನುಂಗುತ್ತದೋ ಅಷ್ಟೂ ಕೊಡುತ್ತದೆ. ಅದಕ್ಕೇ ನಮಗೆ ಒಳಗಿನದನ್ನು ಅಳೆಯೋಕಾಗೋದು."

"ಬಾಳ ಪ್ರಾಮಾಣಿಕ ಐತಿ ಬಿಡು ನಿನ್ನ ಧೂಳು."

ಸಹಜವಾಗಿ ಹೇಳಿದ ಮಾತು. ನೀಲಾಂಬಿಕೆಗೆ ಮುಖಕ್ಕೆ ಹೊಡೆದಂತಾಯಿತು.

ಪಾರವ್ವ ಮಗಳಿಗೆ ಗಂಜಿ ಕೊಟ್ಟು ಬರುತ್ತೇನೆಂದು ಮನೆಗೆ ಹೋದಳು. ನೀಲಾಂಬಿಕೆ ಒಬ್ಬಳೇ ಕೂತಳು.

ಆವಿಗೆಯಿಂದ ಹೊಗೆ ಬರುವುದು ನಿಂತಿತ್ತು. ಎಲ್ಲಿಯೂ ಉರಿಯಿಲ್ಲ, ಸದ್ದಿಲ್ಲ. ಬಿಸಿಲಲ್ಲಿ ಬಿದ್ದ ಬೂದಿಗುಡ್ಡೆಯಂತೆ ಕಾಣುತ್ತಿತ್ತು. ಎಲ್ಲೋ ತಾನು ತಪ್ಪು ಮೆತ್ತಿ ಗಾಳಿ ಕಟ್ಟಿ ಬೆಂಕಿ ಆರಿರಬೇಕು ಎಂದು ಅವಳಿಗೆ ಗಾಬರಿಯಾಯಿತು. ಗಡಿಗೆಗಳೆಲ್ಲ ಹಸಿಯೇ ಉಳಿದರೆ ಪಾರವ್ವನ ಗತಿ ಏನು ಎಂದುಕೊಂಡಳು.

ಎದ್ದು ಹೋಗಿ ಬದಿಯಲ್ಲಿದ್ದ ಒಂದು ಚೂರನ್ನು ಕಟ್ಟಿಗೆಯಿಂದ ಎಬ್ಬಿಸಿದಳು.

ಒಳಗೆಲ್ಲ ಕೆಂಪು.

ಝಳ ಮುಖಕ್ಕೆ ರಾಚಿತು. ಹುಬ್ಬು ಸುಟ್ಟ ವಾಸನೆ ಬಂತು. ಹಿಂದಕ್ಕೆ ಸರಿಯುವಷ್ಟರಲ್ಲಿ ಗುಡ್ಡೆಯ ಒಳಗಿನಿಂದ ಟಪ್ ಎಂಬ ಸದ್ದು ಕೇಳಿತು. ಹೊರಗಿನ ಗಾಳಿ ತಾಗಿ ಗಡಿಗೆಯೊಂದು ಸೀಳಿತ್ತು.

ಅಷ್ಟರಲ್ಲಿ ಪಾರವ್ವ ಬಂದಳು.  ಚೂರನ್ನು ಕಾಲಿನಿಂದ ಅದರ ಜಾಗಕ್ಕೆ ತಳ್ಳಿದಳು. ಎರಡು ಕೈ ತುಂಬ ಹಸಿ ಮಣ್ಣು ತಂದು ಮೆತ್ತಿದಳು. ಕೈ ತೊಳೆದುಕೊಂಡು ನೀಲಾಂಬಿಕೆಯ ಹುಬ್ಬಿಗೆ ಒದ್ದೆ ಅರಿವೆ ಒತ್ತಿದಳು.

"ಆರೇತಿ ಅಂತ ತಿಳಿದ್ಯಾ, ತಂಗಿ?"

"ಏನೂ ಕಾಣಲಿಲ್ಲವ್ವಾ."

"ಉರಿ ಕಂಡ್ರ ಬೆಂಕಿ ಹೊರಗ ಹೋಗಾಕತ್ತೇತಿ ಅಂತ. ಒಳಗ ಕೆಲಸ ಮಾಡೋ ಬೆಂಕಿ ಕಾಣಂಗಿಲ್ಲ. ಇಲ್ಲಿ ಬಾ."

ಅವಳ ಕೈ ಹಿಡಿದು ಬೂದಿಯಿಂದ ಒಂದು ಗೇಣು ದೂರದಲ್ಲಿ ಅಂಗೈ ಚಾಚಿಸಿದಳು. ಬೂದಿ ಬೂದಿಯಾಗಿಯೇ ಇತ್ತು. ಅಂಗೈಗೆ ಮಾತ್ರ ಒಳಗಿನದೆಲ್ಲ ತಿಳಿಯುತ್ತಿತ್ತು. ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ, ಎಲ್ಲಿ ಗಡಿಗೆ ಬೆಂದಿದೆ, ಎಲ್ಲಿ ಇನ್ನೂ ಬೇಯಬೇಕು ಎಂದು ಪಾರವ್ವ ಅವಳ ಕೈಯನ್ನು ಅತ್ತಿತ್ತ ಸರಿಸುತ್ತ ತೋರಿಸಿದಳು.

ಹದಿನೈದು ಕೋಟಿ ಜ್ಯೋತಿರ್ವರ್ಷ ದೂರದ ಬಿಸಿ ಅಳೆದವಳು ಕಾಣದ ಬಿಸಿಯನ್ನು ಅಂಗೈಯಿಂದ ತಿಳಿದದ್ದು ಅದೇ ಮೊದಲು. ಅವಳು ಬಹಳ ಹೊತ್ತು ಕೈ ತೆಗೆಯಲಿಲ್ಲ.

ಆಗ ಪಾರವ್ವ ಹೇಳಿದಳು, ನಿಮ್ಮ ಮಾಸ್ತರೂ ಹೀಗೇ ಕೈ ಚಾಚಿ ಕೂಡುತ್ತಾರೆ ಎಂದು. ಆವಿಗೆ ಹಚ್ಚಿದಾಗೆಲ್ಲ ತಪ್ಪದೆ ಬರುತ್ತಾರಂತೆ. ಹತ್ತು ಹನ್ನೆರಡು ವರ್ಷವಾಯಿತಂತೆ. ಓದಿದವರಿಗೆ ಇಲ್ಲೇನು ಕೆಲಸ ಎಂದು ಅವಳು ಒಮ್ಮೆ ಕೇಳಿದ್ದಳಂತೆ.

"ಏನಂದರು?"

"'ಪಾರವ್ವಾ, ನಾನೂ ಒಂದು ಆವಿಗಿ ಆರೇತಿ ಅಂತ ಬರ್ದಬಿಟ್ಟೀನಿ. ಆರಿಲ್ಲೇನೋ ಅಂತ ಈಗ ಅನುಮಾನ ಬಂದೈತಿ' ಅಂದ್ರು. ಯಾವ ಊರಾಗ ಅಂದೆ. ಬಾಳ ದೂರ ಅಂದ್ರು. ಅಲ್ಲಿ ನಮ್ಮ ಮಂದಿ ಅದಾರೇನ್ರಿ ಅಂದೆ. ನಕ್ಕರು."

ಪಾರವ್ವನೂ ನಕ್ಕಳು. ಅವಳಿಗೆ ಅದು ಇಂದಿಗೂ ಬಗೆಹರಿಯದ ಮಾತು.

ನೀಲಾಂಬಿಕೆ ನಗಲಿಲ್ಲ. ಕೈ ಮುಖ ತೊಳೆದುಕೊಂಡಳು. ಈಗಲೇ ಗುರುಗಳ ಬಳಿ ಹೋಗಬೇಕೆಂದು ಕೇಳಿಕೊಂಡಳು. ಗಡಿಗೆ ಒಡೆದದ್ದಕ್ಕೆ ತಪ್ಪಾಯಿತು ಎಂದಳು. ಅದರ ಚೂರು ಮುಂದಿನ ಆವಿಗೆಗೆ ಹೊದಿಕೆಯಾಗುತ್ತದೆ, ಚಿಂತೆ ಬೇಡ ಎಂದು ಪಾರವ್ವ ಕಳಿಸಿಕೊಟ್ಟಳು.

ಗುರುಗಳು ಹೊಳೆಯ ದಂಡೆಯಲ್ಲಿ ಕಲ್ಲಿನ ಮೇಲೆ ಕೂತು ತೊಗರಿ ಬೇಳೆ ಆರಿಸುತ್ತಿದ್ದರು. ಮೊರ ತೊಡೆಯ ಮೇಲಿತ್ತು. ಅವಳ ಹುಬ್ಬು ನೋಡಿ ಮತ್ತೆ ಬೇಳೆಯ ಕಡೆ ತಿರುಗಿದರು.

ಅವಳು ನಿಂತೇ ಹೇಳಿದಳು. ಎಲ್ಲಿಯೂ ತಡೆಯಲಿಲ್ಲ. ಅಜ್ಜಿಯನ್ನು ಅಳೆದದ್ದು, ಕರಿ ಪಟ್ಟೆ ಬೆಳಗಿದ್ದು, ಆರು ತಿಂಗಳು ತಪ್ಪು ಹುಡುಕಿದ್ದು, ಸಿಗದೆ ಹೋದದ್ದು. ಆಮೇಲೆ ಜೊತೆಗಾರರಿಗೆ ಸುಳ್ಳು ಹೇಳಿದ್ದು. 

ಗುರುಗಳ ಬೆರಳು ಬೇಳೆಯ ಮೇಲೆ ನಿಂತಿತ್ತು.

"ಎಷ್ಟು?" ಎಂದರು.

"ಏನು, ಗುರುಗಳೇ?"

"ವರ್ಷಕ್ಕೆ ಎಷ್ಟು ಹುಟ್ಟುತ್ತವೆ?"

"ಅರವತ್ತು ಸೂರ್ಯರಷ್ಟು."

ನಮ್ಮ ಗೆಲಾಕ್ಸಿಯಲ್ಲಿ ವರ್ಷಕ್ಕೆ ಒಂದೋ ಎರಡೋ. ಗುರುಗಳು ಮೊರವನ್ನು ಪಕ್ಕಕ್ಕಿಟ್ಟರು. ಎದ್ದು ನಿಂತರು.  ಹೊಳೆಯ ಕಡೆಗೆ ನಾಲ್ಕು ಹೆಜ್ಜೆ ಹೋಗಿ ಮತ್ತೆ ತಿರುಗಿ ಬಂದರು. ಕಣ್ಣು ತುಂಬಿದ್ದವು. ಮುಖದಲ್ಲಿ ಮಾತ್ರ ನೋವಿನ ಗುರುತಿರಲಿಲ್ಲ. ಅವರು ಅಷ್ಟು ಸಂತೋಷಪಟ್ಟದ್ದನ್ನು ನೀಲಾಂಬಿಕೆ ಎಂದೂ ಕಂಡಿರಲಿಲ್ಲ.

"ಅರವತ್ತು," ಎಂದರು. "ನಾನು ಅವಳನ್ನು ಅಜ್ಜಿ ಅಂದೆನಲ್ಲ."

ಅವರು ನಕ್ಕಾಗ ಅವಳಿಗೂ ನಗು ಬಂತು, ಅಳುವೂ ಬಂತು.

ಆಮೇಲೆ ಅವರೇ ಹೇಳಿದರು. ಹನ್ನೆರಡು ವರ್ಷದ ಹಿಂದೆ ಒಂದು ಹಳೆಯ ಸಮೀಕ್ಷೆಯ ನಕ್ಷೆ ಕೈಗೆ ಬಂದಿತ್ತು. ಅಜ್ಜಿಯಿರುವ ಮೂಲೆಯಲ್ಲಿ ಬಿಸಿಯ ಒಂದು ಮಸಕು ಕಲೆ. ಕಲೆಯೊಳಗೆ ಮೂರು ಗೆಲಾಕ್ಸಿ. ಬಿಸಿ ಯಾರದು ಎಂದು ಹೇಳುವಂತಿರಲಿಲ್ಲ. ಅಂದಿನಿಂದ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಹೊಸದಾಗಿ ಅಳೆಯಲು ಅವರ ಬಳಿ ಉಪಕರಣವಿರಲಿಲ್ಲ, ವಯಸ್ಸೂ ಇರಲಿಲ್ಲ.

"ನನಗೆ ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀನು ಹೋಗಿ ನನ್ನ ಅನುಮಾನವನ್ನೇ ಅಳೆದು ತರುತ್ತಿದ್ದೆ."

ನೀಲಾಂಬಿಕೆ ಅವರ ಕಾಲಿಗೆ ಬಾಗಿದಳು. ಗುರುಗಳು ತಡೆದರು. ಈಗ ಅವರ ಮುಖ ಗಂಭೀರವಾಗಿತ್ತು.

"ನನ್ನ ಪಟ್ಟಿ ತಪ್ಪಿತು. ಅದು ಕಾಣದೆ ಆದದ್ದು. ನೀನು ಕಂಡು ಮುಚ್ಚಿದೆ."

ಅವಳು ತಲೆ ಬಾಗಿಸಿ ನಿಂತಳು.

"ಧೂಳು ಮುಚ್ಚಿದ್ದನ್ನೆಲ್ಲ ತಿರುಗಿ ಕೊಟ್ಟಿದೆ ಅಂತ ನೀನೇ ಬರೆದಿದ್ದೀ. ಐದು ಜನಕ್ಕೆ ಇವತ್ತೇ ಬರೆ."

ಅಲ್ಲಿಯೇ ಕಲ್ಲಿನ ಮೇಲೆ ಕೂತು ಫೋನಿನಲ್ಲಿ ಬರೆದಳು. ದೋಷವಿರಲಿಲ್ಲ, ನಾನು ಸುಳ್ಳು ಹೇಳಿದೆ, ಅಳತೆ ಇದು, ಲೆಕ್ಕ ಇದು ಎಂದು ಸುತ್ತುಬಳಸಿಲ್ಲದೆ ಬರೆದಳು. ಕಳಿಸುವಾಗ ಬೆರಳು ಒಂದು ಕ್ಷಣ ನಿಂತಿತು. ಗುರುಗಳು ನೋಡಲಿಲ್ಲ, ಬೇಳೆ ಆರಿಸುತ್ತಿದ್ದರು.

ಕಳಿಸಿದಳು.

ಸಂಜೆಯೊಳಗೆ ನಾಲ್ವರ ಉತ್ತರ ಬಂತು. ಇಬ್ಬರು ಅಳತೆಯನ್ನೇ ಮತ್ತೆ ಮತ್ತೆ ಕೇಳಿದ್ದರು, ನಂಬಲಾಗುತ್ತಿಲ್ಲ ಎಂದು ಬರೆದಿದ್ದರು. ಒಬ್ಬಾಕೆ ಪ್ರಬಂಧವನ್ನು ಮೊದಲಿನಿಂದ ಹೊಸದಾಗಿ ಬರೆಯಬೇಕು, ಎರಡು ತಿಂಗಳು ತಡವಾಗುತ್ತದೆ, ಆಗಲಿ ಎಂದಿದ್ದಳು. ನಾಲ್ಕನೆಯವನು, ನಿನ್ನ ಉಳಿದ ನಲವತ್ತನ್ನೂ ನಾನು ಕೂತು ಪರೀಕ್ಷಿಸುತ್ತೇನೆ ಎಂದು ಬರೆದಿದ್ದ. ಅದು ನ್ಯಾಯವೇ ಎಂದು ಅವಳಿಗೆ ಅನ್ನಿಸಿತು. ಐದನೆಯವನು ಉತ್ತರಿಸಲೇ ಇಲ್ಲ. ಅವನು ಮುಂದೆ ಬಹಳ ತಿಂಗಳು ಅವಳೊಂದಿಗೆ ಮಾತು ಬಿಟ್ಟಿದ್ದ.

ಊಟಕ್ಕೆ ಕೂತಾಗ ಎಲ್ಲವನ್ನೂ ಗುರುಗಳಿಗೆ ಓದಿ ಹೇಳಿದಳು. ಅವರು ತಲೆಯಾಡಿಸುತ್ತ ಕೇಳಿದರು. ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಮಲಗುವ ಮುಂಚೆ ಅವಳು ಅಳುಕುತ್ತ ಕೇಳಿದಳು. ಹೊಸ ಪ್ರಬಂಧದಲ್ಲಿ ಗುರುಗಳ ತಪ್ಪನ್ನು ಹೇಗೆ ಬರೆಯಲಿ, ಎಷ್ಟು ಮೆತ್ತಗೆ ಬರೆಯಲಿ ಎಂದು.

ಗುರುಗಳು ತಮ್ಮ ಹಳೆಯ ಪಟ್ಟಿಯ ಪುಸ್ತಕ ತಂದು ಅವಳ ಮುಂದೆ ತೆರೆದರು. 'ಆರಿದೆ' ಎಂದಿದ್ದ ಸಾಲಿನ ಮೇಲೆ ತಮ್ಮ ಪೆನ್ನಿನಿಂದಲೇ ಒಂದು ಗೆರೆ ಎಳೆದರು. ಪಕ್ಕದಲ್ಲಿ ಅವಳ ಹೆಸರು ಬರೆದರು. ಹೆಸರಿನ ಮುಂದೆ ಅರವತ್ತು ಎಂದು ಬರೆದರು. ಶಾಯಿ ಒಣಗುವವರೆಗೆ ಪುಸ್ತಕ ಮುಚ್ಚಲಿಲ್ಲ.

ಮರುದಿನ ಬೆಳಿಗ್ಗೆ ನೀಲಾಂಬಿಕೆ ಸ್ನಾನ ಮುಗಿಸಿ ಪಡಸಾಲೆಗೆ ಬಂದಳು. ಬಸ್ಸಿಗೆ ಇನ್ನೂ ಮೂರು ತಾಸಿತ್ತು.

ಗುರುಗಳ ಮಣೆ ಖಾಲಿಯಿತ್ತು.

ಗುರುಗಳು ಎದುರಿಗೆ, ಶಿಷ್ಯರು ಕೂಡುವ ಚಾಪೆಯ ಮೇಲೆ ಕಾಲು ಮಡಚಿ ಕೂತಿದ್ದರು. ತೊಳೆದ ಅಂಗಿ ಹಾಕಿಕೊಂಡಿದ್ದರು. ತೊಡೆಯ ಮೇಲೆ ಹೊಸ ನೋಟುಪುಸ್ತಕ. ಮೊದಲ ಪುಟದಲ್ಲಿ ಆಗಲೇ ತಾರೀಕು ಬರೆದಿದ್ದರು.

ಅವಳು ಗುರುಗಳನ್ನು ಮೇಲೆ ಕೂಡಬೇಕೆಂದು ಬೇಡಿಕೊಂಡಳು. ಅವರು ಏಳಲಿಲ್ಲ. ಅವಳು ನೆಲದ ಮೇಲೆ ಕೂಡಲು ಹೋದಳು. ಅವರು ಪೆನ್ನಿನಿಂದ ಮಣೆ ತೋರಿಸಿದರು.

ಅವಳು ಮಣೆಯ ತುದಿಯಲ್ಲಿ ಕೂತಳು.

ಗುರುಗಳು ಕನ್ನಡಕ ಸರಿಮಾಡಿಕೊಂಡರು.

"ನನಗೆ ಏನೂ ಗೊತ್ತಿಲ್ಲ ಅಂತ ತಿಳಿದುಕೋ. ಧೂಳು ಅಂದರೆ ಏನು, ಅಲ್ಲಿಂದ ಶುರುಮಾಡು."